ಕಡಲ ಹೂವಿನ ಮದ್ದು ಸೀಸೆಯಲ್ಲಿಲ್ಲ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಬೋಧಿಸುತ್ತಿದ್ದ ದಿನಗಳಲ್ಲಿ, ಸೀಲೆಂಟರೇಟ ವಂಶದ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ಸಮುದ್ರ ಅನಿಮೋನ್‌ನ ಚಿತ್ರ ಬರೆದು, "ಇದು ಹೂವಲ್ಲ ಮಕ್ಕಳೇ, ಪ್ರಾಣಿ" ಎಂದು ಹೇಳುತ್ತಿದ್ದೆ. ಈಗ ಆ ಪ್ರಾಣಿ ನಗರದ ಕೆಲವು ಮನೆಗಳ ಗಾಜಿನ ತೊಟ್ಟಿಗಳಿಗೂ ಬಂದಿದೆ. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರವನ್ನು ನೋಡಿದವರಿಗೆ ಕ್ಲೌನ್ ಮೀನಿನ ಈ ಆಸರೆಯ ಪರಿಚಯವಿದ್ದೇ ಇದೆ. ಅದನ್ನು ಸಾಕುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: "ಸರ್, ಅನಿಮೋನ್ ಬಾಡುತ್ತಿದೆ, ಯಾವ ಔಷಧ ಹಾಕಲಿ?" ಔಷಧವನ್ನು ಅರಸುವ ಮೊದಲು ನೀರನ್ನು ಪರೀಕ್ಷಿಸಿ ಎಂಬುದು ನನ್ನ ಉತ್ತರ.

ಮೊದಲಿಗೆ, ಮುದುಡಿದ ಅನಿಮೋನ್‌ಗಳೆಲ್ಲವೂ ರೋಗಿಗಳಲ್ಲ. ಆಹಾರ ಸೇವನೆಗೂ ತ್ಯಾಜ್ಯ ವಿಸರ್ಜನೆಗೂ ಅದಕ್ಕಿರುವುದು ಒಂದೇ ಬಾಯಿ. ಒಳಗಿನ ಹಳೆಯ ನೀರನ್ನು ಹೊರಹಾಕಲು ಅದು ಆಗಾಗ ಕುಗ್ಗಿ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಆದರೆ ದಿನಗಟ್ಟಲೆ ಕುಗ್ಗಿಯೇ ಇರುವುದು, ಬಾಯಿ ಸಡಿಲವಾಗಿ ತೆರೆದುಕೊಂಡಿರುವುದು, ಕರಬಳ್ಳಿಗಳು ಅಂಟುಗುಣವನ್ನು ಕಳೆದುಕೊಳ್ಳುವುದು, ಪಾದವು ಬಂಡೆಯ ಹಿಡಿತ ಬಿಟ್ಟು ದೇಹ ನೀರಿನಲ್ಲಿ ತೇಲಾಡುವುದು, ಇವು ಅಪಾಯದ ಲಕ್ಷಣಗಳು.

ಇನ್ನೊಂದು ಲಕ್ಷಣ ನಮ್ಮನ್ನು ಮೋಸಗೊಳಿಸುತ್ತದೆ. ಕ್ಲೌನ್ ಮೀನಿಗೆ ಆಸರೆಯಾಗುವ ಅನಿಮೋನ್‌ಗಳ ಅಂಗಾಂಶದಲ್ಲಿ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ತಯಾರಿಸಿದ ಆಹಾರದಲ್ಲಿ ಆತಿಥೇಯನಿಗೂ ಪಾಲುಂಟು. ಅತಿ ಶಾಖ, ಕಡಿಮೆ ಬೆಳಕು ಅಥವಾ ಕೆಟ್ಟ ನೀರಿನಿಂದ ಆ ಪಾಚಿಗಳು ಕಳೆದುಹೋದರೆ ಅನಿಮೋನ್ ಹಿಮದಂತೆ ಬೆಳ್ಳಗಾಗುತ್ತದೆ. ಕೊಳ್ಳುವವರ ಕಣ್ಣಿಗೆ ಅದು ಸೌಂದರ್ಯ. ವಾಸ್ತವದಲ್ಲಿ ಅದು ಹಸಿವು. ಬಣ್ಣ ಕಟ್ಟಿ ಮಾರುವ ಹಳದಿ ಅನಿಮೋನ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ.

ಚಿಕಿತ್ಸೆ ಸರಳ, ಆದರೆ ತಾಳ್ಮೆ ಬೇಕು. ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಯಾಗಿರಲಿ. ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಆವಿಯಾದಷ್ಟನ್ನು ಶುದ್ಧೀಕರಿಸಿದ ಸಿಹಿನೀರಿನಿಂದಲೇ ತುಂಬಬೇಕು. ನೀರನ್ನು ಒಮ್ಮೆಗೇ ಬದಲಿಸದೆ ಶೇಕಡ 10ರಷ್ಟನ್ನು ಮಾತ್ರ ಬದಲಿಸುತ್ತ ಹೋಗಿ. ಬೆಳಕನ್ನು ನಿಧಾನವಾಗಿ ಹೆಚ್ಚಿಸಿ. ಕರಬಳ್ಳಿಗಳು ಹಿಡಿಯುವಂತಾದ ಮೇಲೆ ಸಿಗಡಿಯ ಚಿಕ್ಕ ತುಣುಕು ನೀಡಬಹುದು, ಬಾಯಿಗೆ ತುರುಕಬಾರದು. ಅಲೆದಾಡುವ ಅನಿಮೋನ್ ಪಂಪಿಗೆ ಸಿಕ್ಕಿ ಛಿದ್ರವಾಗದಂತೆ ಅದರ ಬಾಯಿಗೆ ಸ್ಪಂಜು ಕಟ್ಟಿ.

ಮೀನಿನ ರೋಗಗಳಿಗೆ ಬಳಸುವ ತಾಮ್ರಯುಕ್ತ ಔಷಧವನ್ನಂತೂ ಮುಟ್ಟಲೇಬೇಡಿ. ಅಕಶೇರುಕಗಳಿಗೆ ಅದು ವಿಷ. ಕೆಲವು ಅನುಭವಿಗಳು ಪ್ರತ್ಯೇಕ ತೊಟ್ಟಿಯಲ್ಲಿ ಪ್ರತಿಜೀವಕ ನೀಡುವುದುಂಟು, ಅದು ಹೊಸಬರ ಕೆಲಸವಲ್ಲ. ದೇಹ ಕರಗಿ ದುರ್ವಾಸನೆ ಬಂದರೆ ಮಾತ್ರ ಮರುಗದೆ ಹೊರತೆಗೆಯಿರಿ, ಇಲ್ಲವಾದರೆ ಉಳಿದ ಜೀವಿಗಳೂ ಹೋದಾವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯೆಲ್ 1828ರಲ್ಲಿ ನಾರ್ತ್ ಬರ್ವಿಕ್ ಕಡಲತೀರದಿಂದ ಒಂದು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. 'ಗ್ರ್ಯಾನಿ' ಎಂದೇ ಹೆಸರಾದ ಅದು 1851ರಲ್ಲಿ ಡಾಲಿಯೆಲ್ ತೀರಿಕೊಂಡ ಮೇಲೂ ಬೇರೆಯವರ ಆರೈಕೆಯಲ್ಲಿ ಬದುಕಿ, 1887ರಲ್ಲಿ ಸತ್ತಿತು. ಅದು ತಂಪು ನೀರಿನ ಗಟ್ಟಿ ಜಾತಿ, ನಿಜ. ಆದರೂ ವಿದ್ಯುತ್ ಪಂಪು ಇಲ್ಲದ ಕಾಲದಲ್ಲಿ 59 ವರ್ಷ ಅದನ್ನು ಉಳಿಸಿದ್ದು ತಪ್ಪದೆ ಬದಲಾಯಿಸಿದ ಸಮುದ್ರದ ನೀರು.

ಇಷ್ಟು ದೀರ್ಘಾಯುಷ್ಯದ ಜೀವಿಯನ್ನು ಹಬ್ಬದ ಅಲಂಕಾರದಂತೆ ಕೊಂಡುತರುವುದು ಸರಿಯಲ್ಲವೆಂದು ನನ್ನ ಖಚಿತ ಅಭಿಪ್ರಾಯ. ತೊಟ್ಟಿಯ ನೀರು ಕನಿಷ್ಠ ಆರು ತಿಂಗಳಾದರೂ ಸ್ಥಿರವಾಗಿದ್ದ ಮೇಲೆ ಮಾತ್ರ ಅದನ್ನು ತನ್ನಿ. ಅಷ್ಟು ಕಾಯಲಾಗದಿದ್ದರೆ ಕ್ಲೌನ್ ಮೀನನ್ನಷ್ಟೇ ಸಾಕಿ. ತೊಟ್ಟಿಯಲ್ಲಿ ಅದು ಅನಿಮೋನ್ ಇಲ್ಲದೆಯೂ ಸುಖವಾಗಿ ಬಾಳುತ್ತದೆ.