ರೋಗಿಯ ದಾಖಲೆ: ದಯೆಯಲ್ಲ, ನ್ಯಾಯ

ಆಸ್ಪತ್ರೆಯಿಂದ ಮನೆಗೆ ಮರಳುವ ರೋಗಿಯ ಕೈಗೆ ಹಣ ಸಂದಾಯದ ರಸೀತಿ ತಪ್ಪದೆ ದೊರೆಯುತ್ತದೆ. ಚಿಕಿತ್ಸೆಯ ಕಡತ ಮಾತ್ರ ಅನೇಕ ವೇಳೆ ಒಳಗೇ ಉಳಿಯುತ್ತದೆ. ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯಹೊರಟ ಕುಟುಂಬಗಳು ಅದನ್ನು ಕೇಳಿ, "ಕೊಡುವ ನಿಯಮವಿಲ್ಲ", "ಬಿಲ್ಲು ಬಾಕಿಯಿದೆ" ಎಂಬ ಉತ್ತರದೊಡನೆ ಹಿಂದಿರುಗುವುದನ್ನು ನಾವು ಕಾಣುತ್ತಿದ್ದೇವೆ. ಕೊನೆಗೆ ಅದೇ ರಕ್ತಪರೀಕ್ಷೆ, ಅದೇ ಸ್ಕ್ಯಾನಿಂಗ್ ಮತ್ತೊಮ್ಮೆ. ಹಣವೂ ವ್ಯಯ, ಹಣಕ್ಕಿಂತ ಅಮೂಲ್ಯವಾದ ಸಮಯವೂ ವ್ಯಯ.

ನಿಯಮವಿಲ್ಲವೆಂಬ ಮಾತು ನಿಜವಲ್ಲ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿ ನಿಯಮಾವಳಿಯ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು; ರೋಗಿಯಾಗಲಿ, ಅವರಿಂದ ಅಧಿಕಾರ ಪಡೆದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಬಿಲ್ಲು ಬಾಕಿಯಿದ್ದರೆ ತಡೆಹಿಡಿಯಬಹುದೆಂಬ ಷರತ್ತು ಅಲ್ಲಿಲ್ಲ. ಗೌಪ್ಯತೆಯ ನೆಪವೊಡ್ಡಿ ರೋಗಿಗೇ ದಾಖಲೆ ನಿರಾಕರಿಸುವಂತಿಲ್ಲವೆಂದು ಬೊಂಬಾಯಿ ಉಚ್ಚ ನ್ಯಾಯಾಲಯವು 1996ರಲ್ಲಿಯೇ ತೀರ್ಪಿತ್ತಿದೆ.

ಪ್ರತಿಯೊಬ್ಬನಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಕಾಗದ ಆಸ್ಪತ್ರೆಯದಿರಬಹುದು, ಅದರಲ್ಲಿ ಬರೆದಿರುವುದು ರೋಗಿಯ ದೇಹದ ವೃತ್ತಾಂತ. ಆದುದರಿಂದ ಅದರ ಪ್ರತಿ ಕೊಡುವುದು ಉಪಕಾರವಲ್ಲ, ಋಣಸಂದಾಯ. ಬಾಕಿ ಹಣವೂ ಋಣವೇ. ಅದನ್ನು ತೀರಿಸುವ ಹೊಣೆಯಿಂದ ನಾವು ಯಾರನ್ನೂ ಬಿಡಿಸುವುದಿಲ್ಲ. ಆದರೆ ಅದರ ವಸೂಲಿಗೆ ಬೇರೆ ಮಾರ್ಗಗಳಿವೆ. ರೋಗಿಯ ಆರೋಗ್ಯವನ್ನು ಒತ್ತೆಯಾಗಿ ಹಿಡಿಯಲಾಗದು.

ಶುಭಸಂದೇಶದ ದಯಾಳು ಸಮಾರಿಯದವನು ಗಾಯಕ್ಕೆ ಪಟ್ಟಿ ಕಟ್ಟಿದ್ದಷ್ಟೇ ಅಲ್ಲ, ಗಾಯಾಳುವನ್ನು ಛತ್ರದವನ ಆರೈಕೆಗೆ ಒಪ್ಪಿಸಿಯೇ ಮುಂದೆ ಹೋದನು. ಮತ್ತೊಬ್ಬರ ಕೈಗೆ ಸರಿಯಾಗಿ ಒಪ್ಪಿಸುವುದೂ ಶುಶ್ರೂಷೆಯ ಭಾಗವೇ. ಧರ್ಮಸಭೆಯ ಆಸ್ಪತ್ರೆಗಳು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬೇಕು. ನಮ್ಮ ಸಂಸ್ಥೆಗಳಲ್ಲಿ ದಾಖಲೆ ಕೇಳದೆಯೇ ದೊರೆತರೆ ಮಾತ್ರ ಇತರರನ್ನು ಪ್ರಶ್ನಿಸುವ ನೈತಿಕ ಬಲ ನಮಗಿರುತ್ತದೆ.

ಕುಟುಂಬಗಳೂ ಎಚ್ಚೆತ್ತುಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ದಿನಾಂಕ ಸಹಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. 3 ವರ್ಷಗಳ ಅವಧಿ ಮುಗಿಯಲು ಬಿಡಬೇಡಿರಿ. ನಿರಾಕರಿಸಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಬರೆಯಲಾಗದ ವೃದ್ಧರಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರೂ ಯುವಜನರೂ ನೆರವಾಗಲಿ.

ಸಂತ ಎರಡನೆಯ ಜಾನ್ ಪಾಲರು 1992ರಲ್ಲಿ ಸ್ಥಾಪಿಸಿದ ವಿಶ್ವ ರೋಗಿಗಳ ದಿನವನ್ನು ಪ್ರತಿ ಫೆಬ್ರವರಿ 11ರಂದು ಆಚರಿಸುತ್ತೇವೆ. ಅಂದು ರೋಗಿಗಳಿಗಾಗಿ ಪ್ರಾರ್ಥಿಸುವ ಕೈಗಳು ಅವರಿಗಾಗಿ ಒಂದು ಅರ್ಜಿಯನ್ನೂ ಬರೆಯಲಿ.