‘ಜಾಗ ಇರಲಿಲ್ಲ’ ಎಂಬ ಉತ್ತರ ಸಾಲದು

ನಂದಗಡದ ಕಡೆಯ ಒಬ್ಬ ಸಾಲಗಾರ್ತಿಗೆ ಬೆಳಗಾವಿಯ ಹಣಕಾಸು ಕಚೇರಿಯಿಂದ ಫೋನ್ ಬಂತು ಅಂದುಕೊಳ್ಳಿ. ಕನ್ನಡದಲ್ಲಿ ಶುರುವಾದ ಮಾತು ಲೆಕ್ಕದ ಹತ್ತಿರ ಬಂದಾಗ ಮರಾಠಿಗೆ ಹೊರಳುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಇದು ದಿನನಿತ್ಯದ ಸಂಗತಿ. ಬಾಕಿ ‘ಆಠ ಹಜಾರ’ ಎಂದು ಆಕೆ ಕೇಳಿಸಿಕೊಂಡಿದ್ದಾಳೆ, ‘ಸಾಠ ಹಜಾರ’ ಎಂದೇ ಹೇಳಿದ್ದೆವು ಎನ್ನುತ್ತದೆ ಕಚೇರಿ. ಒಂದು ಎಂಟು ಸಾವಿರ, ಇನ್ನೊಂದು ಅರವತ್ತು ಸಾವಿರ. ನಡುವೆ ಇರುವುದು ಒಂದು ‘ಸ’ಕಾರ. ಆ ಕರೆಯ ರೆಕಾರ್ಡಿಂಗ್ ಕೊಡಿ ಎಂದರೆ ಬರುವ ಉತ್ತರ: ‘ಹಳೇದು ಇಲ್ರಿ, ಸಿಸ್ಟಮ್‌ನ್ಯಾಗ ಜಾಗ ಇರ್ಲಿಲ್ಲ, ಅಳಿಸೇವಿ.’

ನಿಜಕ್ಕೂ ಅಷ್ಟು ಜಾಗ ಬೇಕೇ? ಕೂತು ಲೆಕ್ಕ ಹಾಕಬಹುದು.

ದೂರವಾಣಿ ಜಾಲದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಜಿ.711 ಪದ್ಧತಿ 1972ರದು. ಅದು ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆದುಕೊಳ್ಳುತ್ತದೆ. ಅಲ್ಲಿಗೆ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 8 ಕಿಲೋಬೈಟ್. ನಿಮಿಷಕ್ಕೆ 480 ಕಿಲೋಬೈಟ್, ಗಂಟೆಗೆ 28.8 ಮೆಗಾಬೈಟ್. ಕಚೇರಿಯಲ್ಲಿ ಹತ್ತು ಜನ ಇದ್ದಾರೆ, ಒಬ್ಬೊಬ್ಬರೂ ದಿನಕ್ಕೆ ಮೂರು ತಾಸು ಫೋನಿನಲ್ಲಿ ಮಾತಾಡುತ್ತಾರೆ ಎಂದಿಟ್ಟುಕೊಂಡರೂ ದಿನಕ್ಕೆ 864 ಮೆಗಾಬೈಟ್. ವರ್ಷಕ್ಕೆ 300 ಕೆಲಸದ ದಿನ ಹಿಡಿದರೆ ಸುಮಾರು 259 ಗಿಗಾಬೈಟ್, ಮೂರು ವರ್ಷಕ್ಕೆ 778. ಒಂದು ಟೆರಾಬೈಟ್ ಡಿಸ್ಕ್‌ನಲ್ಲಿ ಇಷ್ಟೂ ಹಿಡಿಯುತ್ತದೆ. ಮಾತಾಡುವ ಇಬ್ಬರ ಧ್ವನಿಯನ್ನೂ ಬೇರೆ ಬೇರೆಯಾಗಿ ದಾಖಲಿಸಿದರೆ ದುಪ್ಪಟ್ಟಾಗುತ್ತದೆ, ಆಗ ಎರಡು ಟೆರಾಬೈಟ್ ಸಾಕು. ಡಿಸ್ಕ್ ಕೆಟ್ಟರೆ ಎಂದು ಇನ್ನೊಂದು ಕಟ್ಟಡದಲ್ಲಿ ಎರಡನೇ ಪ್ರತಿ ಇಡಲೇಬೇಕು. ಅಷ್ಟಾದರೂ ಖರ್ಚು ಕೆಲವು ಸಾವಿರ ರೂಪಾಯಿಗಳ ಮಾತು.

ಮತ್ತೆ ಎಡವಟ್ಟಾಗುವುದೆಲ್ಲಿ? ಮೊದಲನೆಯದು ಬಿಟ್ ಮತ್ತು ಬೈಟ್‌ನ ಗೊಂದಲ. 64 ಕಿಲೋಬಿಟ್ ಅನ್ನು ಕಿಲೋಬೈಟ್ ಎಂದು ಓದಿಕೊಂಡರೆ ಅಂದಾಜು ಎಂಟು ಪಟ್ಟು ಉಬ್ಬುತ್ತದೆ. ಆರು ಟೆರಾಬೈಟ್ ಬೇಕೆಂಬ ಅಂಕಿ ನೋಡಿ ಬೆಚ್ಚಿದ ವ್ಯವಸ್ಥಾಪಕರು ‘ಮೂವತ್ತು ದಿನ ಸಾಕು ಬಿಡಿ’ ಎಂದುಬಿಡುತ್ತಾರೆ. ಎರಡನೆಯದು, ಲೈನ್‌ಗಳನ್ನು ಎಣಿಸುವುದು. ಎಣಿಸಬೇಕಾದ್ದು ಮಾತಿನ ಹೊತ್ತನ್ನು. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ, 1909ರಲ್ಲೇ, ಕರೆಗಳ ದಟ್ಟಣೆಯನ್ನು ಗಣಿತದಲ್ಲಿ ಹಿಡಿದು ತೋರಿಸಿದ್ದರು. ಇವತ್ತಿಗೂ ಆ ಅಳತೆಗೆ ಅವರದೇ ಹೆಸರು. ಹಿಂದಿನ ತಿಂಗಳ ಬಿಲ್ ತೆಗೆದು ಒಟ್ಟು ನಿಮಿಷಗಳನ್ನು ಕೂಡಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಬೇಸಿಗೆಯ ಒಂದು ತಿಂಗಳನ್ನು ನೆಚ್ಚಿ ಕೂರಬಾರದು. ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿದು ಕರೆಂಟ್ ಹೋದರೆ ಹೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆಗಳು ಹೇಗೆ ಏರುತ್ತವೋ, ಕಂತಿನ ವಾರದಲ್ಲಿ ಸಾಲದ ಕಚೇರಿಗಳ ಫೋನೂ ಹಾಗೆಯೇ.

ಜಾಗ ಉಳಿಸಲು ಧ್ವನಿಯನ್ನು ಹಿಂಡುವ ದಾರಿಯೂ ಇದೆ. ಜಿ.729 ಪದ್ಧತಿಯಲ್ಲಿ 778 ಗಿಗಾಬೈಟ್ ಇಳಿದು 97ಕ್ಕೆ ಬರುತ್ತದೆ. ಇದು ಒಳ್ಳೆಯ ಉಳಿತಾಯವಲ್ಲ. ಸಾಮಾನ್ಯ ದೂರವಾಣಿ 3,400 ಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಒಯ್ಯುವುದೇ ಇಲ್ಲ, ‘ಸ’ಕಾರದ ಬಹುಪಾಲು ಶಕ್ತಿ ಇರುವುದು ಅದಕ್ಕೂ ಮೇಲೆ. ಮೊದಲೇ ಸೊರಗಿದ ಅಕ್ಷರವನ್ನು ಮತ್ತೆ ಹಿಂಡಿದರೆ ಆಠ ಯಾವುದು, ಸಾಠ ಯಾವುದು ಎಂದು ಹೇಳುವವರು ಯಾರು? ಎರಡು ಮೂರು ಭಾಷೆ ಬೆರೆಸಿ ವ್ಯವಹರಿಸುವ ಗಡಿನಾಡಿನಲ್ಲಂತೂ ಧ್ವನಿಯ ಸ್ಪಷ್ಟತೆಯಲ್ಲಿ ಜುಗ್ಗತನ ಸಲ್ಲದು.

ರೆಕಾರ್ಡಿಂಗ್ ಇಡುವುದು ಕಚೇರಿಯ ಇಷ್ಟಾನಿಷ್ಟದ ಪ್ರಶ್ನೆಯೂ ಅಲ್ಲ. ವಸೂಲಿ ಏಜೆಂಟರ ಮತ್ತು ಗ್ರಾಹಕರ ನಡುವಿನ ಕರೆಗಳನ್ನು ದಾಖಲಿಸಬೇಕೆಂದು ರಿಸರ್ವ್ ಬ್ಯಾಂಕ್ 2008ರ ಏಪ್ರಿಲ್‌ನಲ್ಲೇ ಬ್ಯಾಂಕ್‌ಗಳಿಗೆ ಹೇಳಿತ್ತು. ಷೇರು ದಲ್ಲಾಳಿಗಳು ಗ್ರಾಹಕರ ಆದೇಶದ ಪುರಾವೆಯನ್ನು, ಫೋನಿನಲ್ಲಿ ಹೇಳಿದ್ದಾದರೆ ಅದರ ರೆಕಾರ್ಡಿಂಗನ್ನು, ಕನಿಷ್ಠ ಮೂರು ವರ್ಷ ಇಡಬೇಕು, ತಕರಾರಿದ್ದರೆ ಅದು ಬಗೆಹರಿಯುವವರೆಗೂ ಇಡಬೇಕು ಎಂಬುದು ಸೆಬಿಯ ನಿಯಮ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ದೂರುಗಳು ಬೆಳಗಾವಿ ಜಿಲ್ಲೆಯಲ್ಲೂ ಎದ್ದವು. ಫೆಬ್ರುವರಿ 12ರಂದು ರಾಜ್ಯ ಸರ್ಕಾರದ ಸುಗ್ರೀವಾಜ್ಞೆಯೇ ಬಂತು. ಬೆದರಿಸಿದರು, ಬೆದರಿಸಲಿಲ್ಲ ಎಂಬ ವಾದದಲ್ಲಿ ಬಡವರ ಬಳಿ ಬೇರೆ ಸಾಕ್ಷಿ ಇರುವುದಿಲ್ಲ. ಆ ಸಾಕ್ಷಿಯನ್ನು ಕಾಯುವ ಕೆಲಸ ಫೋನ್ ಹಚ್ಚಿದವರದೇ.

ಹಾಗೆಂದು ಎಲ್ಲವನ್ನೂ ಶಾಶ್ವತವಾಗಿ ಪೇರಿಸಿಡುವುದೂ ತಪ್ಪು. ಉದ್ದೇಶ ತೀರಿದ ಮೇಲೆ ವೈಯಕ್ತಿಕ ಮಾಹಿತಿ ಅಳಿಸಬೇಕೆನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಯಾವ ಕರೆ ಎಷ್ಟು ದಿನ ಇರುತ್ತದೆ ಎಂಬುದನ್ನು ಪ್ರತಿ ಕಚೇರಿಯೂ ಕನ್ನಡ, ಮರಾಠಿ ಎರಡರಲ್ಲೂ ಬರೆದು ಬಾಗಿಲ ಬಳಿ ತೂಗುಹಾಕಲಿ.

ಸಾಲಗಾರರೂ ಒಂದು ಕೆಲಸ ಮಾಡಬೇಕು. ಕರೆ ಬಂದ ದಿನ, ಹೊತ್ತು, ನಂಬರ್, ಇಷ್ಟನ್ನು ಸಾಲದ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ತಕರಾರು ಎದ್ದರೆ ಆ ರೆಕಾರ್ಡಿಂಗ್ ಅಳಿಸಬೇಡಿ ಎಂದು ಅದೇ ವಾರ ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.