ಚಿತ್ರದ ಭಾವವೂ ಚಿತ್ರದ ಹೆಸರೂ

ಛಾಯಾಚಿತ್ರಣ ಕಲಿಯುವವರ ಪ್ರಗತಿಯನ್ನು ಯಾವುದರಿಂದ ಅಳೆಯಬೇಕು? ಚಿತ್ರ ಸ್ಪಷ್ಟವಾಗಿ ಮೂಡಿದೆಯೆ, ಬೆಳಕು ಹದವಾಗಿದೆಯೆ ಎಂದು ನೋಡುವುದು ವಾಡಿಕೆ. ಇಂದು ಈ ಎರಡನ್ನೂ ಬಹುಮಟ್ಟಿಗೆ ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಯಂತ್ರ ಮಾಡಿದ ಕೆಲಸಕ್ಕೆ ನಮಗೆ ಅಂಕ ಸಲ್ಲುವುದು ನ್ಯಾಯವಲ್ಲ. ಎರಡು ವರ್ಷಗಳ ಅಭ್ಯಾಸದಲ್ಲಿ ನಾನು ಮುಂದುವರಿದಿದ್ದರೆ ಅದು ಒಂದೇ ವಿಷಯದಲ್ಲಿ. ಚಿತ್ರವೊಂದು ಮನಸ್ಸನ್ನು ಕಲಕಿದಾಗ, ಹಾಗೆ ಕಲಕಿದ್ದು ಅದರ ಯಾವ ಭಾಗವೆಂದು ಬೆರಳಿಟ್ಟು ತೋರಿಸಲು ಈಗ ಯತ್ನಿಸುತ್ತೇನೆ. ಇದನ್ನು ಕಲಿಸಿದ್ದು ಛಾಯಾಚಿತ್ರವಲ್ಲ, ಒಂದು ವರ್ಣಚಿತ್ರ.

ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ 'ಗ್ಲೋ ಆಫ್ ಹೋಪ್' ಚಿತ್ರವನ್ನು ಅರಿಯದವರು ವಿರಳ. ಅದು ರವಿವರ್ಮನದೆಂದು ವಾದಿಸುವವರು ಇನ್ನೂ ಇದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಇದನ್ನು ಎಸ್. ಎಲ್. ಹಲ್ದಂಕರ್ ಅವರು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದರು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ನೂರು ವರ್ಷ ದಾಟಿ ಬಾಳಿದ ಆಕೆ 2018ರಲ್ಲಿ ಕಾಲವಾದರು.

ಈ ಚಿತ್ರದಲ್ಲಿ ಬೆಳಕಿನ ಮೂಲ ದೀಪವೊಂದೇ. ಸಣ್ಣ ದೀಪದಿಂದ ಅರ್ಧ ಅಡಿ ದೂರದಲ್ಲಿ ಸಿಗುವ ಬೆಳಕಿನ ನಾಲ್ಕನೆಯ ಒಂದು ಪಾಲು ಮಾತ್ರ ಒಂದು ಅಡಿ ದೂರಕ್ಕೆ ಸಿಗುತ್ತದೆಂದು ಭೌತಶಾಸ್ತ್ರ ಓದಿದವರು ಬಲ್ಲರು. ಆದ್ದರಿಂದಲೇ ನಮ್ಮ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಜ್ವಾಲೆಗೆ ಮರೆಯಾದ ಅಂಗೈಗೆ. ಬೆರಳುಗಳ ನಡುವೆ ಮಾಂಸವನ್ನು ತೂರಿ ಬರುವ ಆ ಕೆಂಪನ್ನು, ಸಂಜೆ ತುಳಸಿಕಟ್ಟೆಗೆ ದೀಪ ಒಯ್ದವರೆಲ್ಲ ತಮ್ಮ ಕೈಯಲ್ಲೇ ಕಂಡಿದ್ದಾರೆ. ಆ ಕೈ ಹೇಳುವುದೇನು? ಗಾಳಿ ಬಂದೀತು, ದೀಪ ಆರೀತು ಎಂದು. ನನಗೆ ಅಲ್ಲಿ ಆಶೆಗಿಂತ ಹೆಚ್ಚಾಗಿ ಎಚ್ಚರ ಕಾಣುತ್ತದೆ, ತುಸು ಅಳುಕೂ ಕಾಣುತ್ತದೆ. ಹೆಸರು ಮಾತ್ರ 'ಆಶೆ' ಎಂದು ಮೊದಲೇ ತೀರ್ಪು ಕೊಟ್ಟುಬಿಟ್ಟಿದೆ! ಇದೇ ಚಿತ್ರವನ್ನು 'ದೀಪ ಹಿಡಿದ ಮಹಿಳೆ' ಎಂದೂ ಕರೆಯುವುದುಂಟು. ನನ್ನ ಮತ ಆ ಹೆಸರಿಗೆ.

ಕನ್ನಡ, ಸಂಸ್ಕೃತ ಐಚ್ಛಿಕದ ಮಿತ್ರರಿಗೆ ಇದು ಹೊಸದಾಗಿರಲಾರದು. ಮಮ್ಮಟನು ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ಎಣಿಸುವಾಗ, ರಸವನ್ನೋ ಸ್ಥಾಯಿಭಾವವನ್ನೋ ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮೊದಲಲ್ಲೇ ಇಡುತ್ತಾನೆ. ಕಾವ್ಯಕ್ಕೆ ದೋಷವಾದದ್ದು ಚಿತ್ರಕ್ಕೆ ಗುಣವಾದೀತೆ? ನಮ್ಮ ವಿದ್ಯಾರ್ಥಿ ಪ್ರದರ್ಶನಗಳಲ್ಲಿ ಸುಕ್ಕುಗಟ್ಟಿದ ಮುಖದ ಅಜ್ಜಿಯೊಬ್ಬಳಿದ್ದರೆ ಕೆಳಗೆ 'ನಿರೀಕ್ಷೆ' ಎಂಬ ಚೀಟಿ ತಪ್ಪದು. ಆಕೆ ಬಸ್ಸಿಗೆ ಕಾಯುತ್ತಿದ್ದಿರಬಹುದು.

ವರ್ಣಚಿತ್ರದಲ್ಲಿ ಇದು ಅಭಿರುಚಿಯ ಪ್ರಶ್ನೆ. ಛಾಯಾಚಿತ್ರದಲ್ಲಿ ಅದಕ್ಕಿಂತ ದೊಡ್ಡದು. 1936ರಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ಚಿತ್ರ 'ಮೈಗ್ರಂಟ್ ಮದರ್' ಎಂದು ಜಗತ್ಪ್ರಸಿದ್ಧವಾಯಿತು. ತಾನು ಆ ತಾಯಿಯ ಹೆಸರನ್ನು ಕೇಳಲಿಲ್ಲವೆಂದು ಲ್ಯಾಂಗ್ ಅವರೇ 1960ರಲ್ಲಿ ಬರೆದಿದ್ದಾರೆ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು ಎಂಬುದು ಆಕೆಯ ಮಾತಾಗಿತ್ತು. ಬಡತನದ ಅರಿವು ಮೂಡಿಸಿದ ಆ ಚಿತ್ರದ ಉಪಕಾರ ದೊಡ್ಡದೇ. ಆದರೂ ನಾಲ್ಕು ದಶಕ ಜಗತ್ತು ಒಬ್ಬಾಕೆಯ ಮುಖದಲ್ಲಿ ಸಂಕಟವನ್ನೂ ಧೈರ್ಯವನ್ನೂ ಓದಿತು, ಆಕೆಯನ್ನು ಮಾತ್ರ ಕೇಳಲಿಲ್ಲ. ಹಲ್ದಂಕರರ ದೀಪದ ಹಿಂದೆ ನಿಂತದ್ದು ಅವರ ಮಗಳು. ನಮ್ಮ ಕ್ಯಾಮೆರಾದ ಮುಂದೆ ನಿಲ್ಲುವವರು ಪರರು.

ಆದ್ದರಿಂದ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಊರು, ದಿನ, ಒಪ್ಪಿಗೆಯಿದ್ದರೆ ಆ ವ್ಯಕ್ತಿಯ ಹೆಸರು, ಇಷ್ಟೇ ಇರಲಿ. ಭಾವದ ಹೆಸರನ್ನು ನೋಡುಗರು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಲಿ, ಕಂಡದ್ದು ಚಿತ್ರದ ಯಾವ ಭಾಗದಲ್ಲಿ ಎಂಬುದನ್ನೂ ಸೇರಿಸಿ. ಒಂದೇ ಮುಖಕ್ಕೆ ಹತ್ತು ಹೆಸರು ಬಂದರೆ ನಾನಂತೂ ಬೇಸರಪಡುವವನಲ್ಲ.